ಬೆಂಗಳೂರಿನ ಹೊಸ ಮನೆಗೆ ನಮ್ಮ ತೋಟದ ಮುಂಗಡ

ಕೊಳೆರೋಗದ ಔಷಧಿಯನ್ನೋ ಗೊಬ್ಬರದ ದರವನ್ನೋ ನಿರೀಕ್ಷಿಸಿ ಈ ಪುಟ ತೆರೆಯುವ ಬೆಳೆಗಾರ ಬಂಧುಗಳಿಗೆ ಬೆಂಗಳೂರಿನ ಬಾಡಿಗೆ ಮನೆಯ ಮಾತು ಕಂಡು ಆಶ್ಚರ್ಯವಾಗಬಹುದು. ಬೆಳೆಗಾರರ ಸಂಘಕ್ಕೂ ಅದಕ್ಕೂ ಏನು ಸಂಬಂಧವೆಂದು ಕೇಳಿದರೆ ತಪ್ಪಲ್ಲ. ಆದರೆ ಸಂಬಂಧವಿದೆ. ಈಚಿನ ವರ್ಷಗಳಲ್ಲಿ ಜೂನ್ ತಿಂಗಳು ಬಂತೆಂದರೆ ಸಂಘದ ಕಚೇರಿಗೆ ಬಂದು, ಮಳೆ ಬೆಳೆಯ ನಾಲ್ಕು ಮಾತಾಡಿ, ಎದ್ದು ಹೋಗುವ ಹೊತ್ತಿಗೆ “ಒಂದಿಷ್ಟು ದುಡ್ಡು ಬೇಕಾಗಿತ್ತು ಸ್ವಾಮಿ, ಹುಡುಗನಿಗೆ ಬೆಂಗಳೂರಲ್ಲಿ ಮನೆ ಮಾಡಬೇಕು” ಎನ್ನುವ ಸದಸ್ಯರು ಹೆಚ್ಚುತ್ತಿದ್ದಾರೆ. ಹುಡುಗ ಎಂದಿದ್ದೇವೆ, ಹುಡುಗಿಯರೂ ಅಷ್ಟೇ ಮಂದಿ ಇದ್ದಾರೆ, ಅದು ಸಂತೋಷದ ವಿಷಯ. ಮಕ್ಕಳು ಓದಿದ್ದಾರೆ, ಕೆಲಸ ಸಿಕ್ಕಿದೆ, ಸಂಬಳವೂ ನಾವು ಆ ವಯಸ್ಸಿನಲ್ಲಿ ಕನಸಿನಲ್ಲೂ ಕಾಣದಷ್ಟಿದೆ. ಆದರೆ ಮೊದಲ ಸಂಬಳ ಕೈಗೆ ಬರುವ ಮೊದಲೇ ಮನೆ ಮಾಲೀಕನಿಗೆ ಲಕ್ಷಗಟ್ಟಲೆ ಮುಂಗಡ ಎಣಿಸಬೇಕು. ಅದನ್ನು ಎಣಿಸುವವರು ಕಬ್ಬಾಳಿನಲ್ಲಿ ಎರಡು ಮೂರು ಎಕರೆ ಅಡಿಕೆ, ತೆಂಗು, ನೆರಳಿನಲ್ಲಿ ಒಂದಷ್ಟು ಕಾಫಿ ಇಟ್ಟುಕೊಂಡಿರುವ ತಂದೆತಾಯಿಗಳು.

ಇಲ್ಲಿ ಕಾಲದ ಒಂದು ತೊಡಕನ್ನು ಗಮನಿಸಬೇಕು. ಕಾಲೇಜು ಮುಗಿಸಿದವರಿಗೆ ಕೆಲಸಕ್ಕೆ ಬಾ ಎಂದು ಕರೆ ಬರುವುದು ಬಹುಮಟ್ಟಿಗೆ ಜೂನ್, ಜುಲೈ ತಿಂಗಳಲ್ಲಿ. ನಮ್ಮ ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿ ಮಾರಾಟಕ್ಕೆ ಬರುವುದು ದಸರೆಯ ಆಚೆಗೆ. ಕಾಫಿಯಂತೂ ಸಂಕ್ರಾಂತಿಯ ಸುತ್ತಮುತ್ತ. ಹಣ ಬೇಕಾದಾಗ ಬೆಳೆ ಮರದ ಮೇಲಿದೆ. ಈ ಸಂದಿಯಲ್ಲೇ ವ್ಯಾಪಾರಿ ತೋಟದ ಬಾಗಿಲಿಗೆ ಬರುವುದು. ಗೊನೆ ಇನ್ನೂ ಹಸಿರಾಗಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಟ್ಟು ಹಣ ಪಡೆದ ಸದಸ್ಯರು ನಮ್ಮಲ್ಲಿದ್ದಾರೆ. ಆ ದರ ಏನಿರುತ್ತದೆಂಬುದನ್ನು ನಾವು ಬರೆಯಬೇಕಾಗಿಲ್ಲ, ಕೊಟ್ಟವರಿಗೆ ಗೊತ್ತು. ಆ ಅಡಿಕೆ ಸಂಘದ ಅಂಗಳಕ್ಕೆ ಬರುವುದಿಲ್ಲ, ತೂಕಕ್ಕೆ ನಿಲ್ಲುವುದಿಲ್ಲ, ಬೆಲೆ ಏರಿದರೆ ಅದರ ಲಾಭ ಬೆಳೆದವನಿಗೆ ದಕ್ಕುವುದಿಲ್ಲ. ಈ ಲೇಖನ ಬರೆಯಲು ಕಾರಣ ಇದೇ.

ಈಗ ಲೆಕ್ಕಕ್ಕೆ ಬರೋಣ. ಕನಕಪುರ ರಸ್ತೆಯಲ್ಲಿ 2021ರ ಜನವರಿಯಲ್ಲಿ ಮೆಟ್ರೋ ರೈಲು ಸಿಲ್ಕ್ ಇನ್‌ಸ್ಟಿಟ್ಯೂಟ್ ನಿಲ್ದಾಣದವರೆಗೆ ಬಂತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಕಡೆಗೆ ಹಳದಿ ಮಾರ್ಗ ತೆರೆಯಿತು. ಹಾಗಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ಕೋಣನಕುಂಟೆ, ವಾಜರಹಳ್ಳಿ, ತಲಘಟ್ಟಪುರದ ಕಡೆ ಮನೆ ಮಾಡುವುದು ಸಹಜವಾಗಿ ಕಾಣುತ್ತದೆ. ಊರಿಗೆ ಬರಲು ಬಸ್ಸಿಗೂ ಅದೇ ದಾರಿ. ಅಲ್ಲಿನ ಹೊಸ ಕಟ್ಟಡದಲ್ಲಿ ಎರಡು ಕೋಣೆಯ ಮನೆಗೆ ತಿಂಗಳಿಗೆ 30,000 ರೂಪಾಯಿ ಬಾಡಿಗೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಬೆಂಗಳೂರಿನ ಹಳೆಯ ವಾಡಿಕೆಯಂತೆ ಹತ್ತು ತಿಂಗಳ ಮುಂಗಡವೆಂದರೆ 3,00,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಮೊದಲ ತಿಂಗಳ ಬಾಡಿಗೆ ಬೇರೆ. ಬಾಗಿಲು ತೆರೆದು ಹಾಲುಕ್ಕಿಸುವ ಮೊದಲೇ 3,60,000 ರೂಪಾಯಿ ಹೋಯಿತು. ಇದರ ಮೇಲೆ ತಿಂಗಳ ನಿರ್ವಹಣಾ ವೆಚ್ಚ, ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರಿಕೆ, ಬಿಡುವಾಗ ಬಣ್ಣ ಬಳಿಸಲೆಂದು ಒಂದು ತಿಂಗಳ ಬಾಡಿಗೆ ಕಡಿತ.

ಈಚೆಗೆ ಐದಾರು ತಿಂಗಳ ಮುಂಗಡಕ್ಕೆ ಒಪ್ಪುವ ಮಾಲೀಕರೂ ಇದ್ದಾರೆಂಬುದು ನಿಜ. ಆದರೆ ಕೇಳದೆ ಯಾರೂ ಇಳಿಸುವುದಿಲ್ಲ. ನಮ್ಮವರು ಕೇಳುವುದಿಲ್ಲ. ಊರಲ್ಲಿ ಒಂದು ಕರುವಿಗೆ ಅರ್ಧ ದಿನ ಚೌಕಾಸಿ ಮಾಡುವ ನಮ್ಮ ಗೌಡರು, ಗಾಜಿನ ಬಾಗಿಲು, ಲಿಫ್ಟು, ಸಮವಸ್ತ್ರದ ಕಾವಲುಗಾರ ಕಂಡ ಕೂಡಲೇ ಬಾಯಿ ಕಟ್ಟಿಕೊಂಡು ನಿಲ್ಲುತ್ತಾರೆ. ಮಗನ ಮರ್ಯಾದೆಯ ಪ್ರಶ್ನೆ ಎಂದುಕೊಳ್ಳುತ್ತಾರೆ.

ಮುಂಗಡವೆಂದರೆ ವಾಸ್ತವವಾಗಿ ಏನು? ನಮ್ಮ ಸೀಮೆಯಲ್ಲಿ ಭೋಗ್ಯದ ಪದ್ಧತಿ ಎಲ್ಲರಿಗೂ ಗೊತ್ತು. ಹಣ ಕೊಟ್ಟವನು ಜಮೀನು ಉಳುತ್ತಾನೆ, ಅಸಲು ವಾಪಸಾಗುವವರೆಗೆ ಬಡ್ಡಿಯ ಬದಲು ಫಸಲು ಉಣ್ಣುತ್ತಾನೆ. ಹಣ ಕೊಟ್ಟವನಿಗೆ ಅದರಿಂದ ಏನೋ ಒಂದು ಪ್ರಯೋಜನ ಇರಲೇಬೇಕೆಂಬ ನ್ಯಾಯ ಅದರಲ್ಲಿದೆ. ಬೆಂಗಳೂರಿನ ಮುಂಗಡದಲ್ಲಿ ಆ ನ್ಯಾಯವೂ ಇಲ್ಲ. ಮೂರು ಲಕ್ಷ ಕೊಟ್ಟವನೇ ತಿಂಗಳು ತಿಂಗಳು ಬಾಡಿಗೆಯನ್ನೂ ಕೊಡುತ್ತಾನೆ. ಹಣ ಪಡೆದವನು ಅದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಪಡೆಯುತ್ತಾನೆ, ಇಲ್ಲವೇ ಅದೇ ಮನೆಯ ಸಾಲದ ಕಂತಿಗೆ ಕಟ್ಟುತ್ತಾನೆ. ಅಂದರೆ ಕಬ್ಬಾಳಿನ ಸಣ್ಣ ಬೆಳೆಗಾರ ಬೆಂಗಳೂರಿನ ಮನೆ ಮಾಲೀಕನಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ. ಆ ಸಾಲ ಕೊಡುವುದಕ್ಕಾಗಿ ತಾನು ಬಡ್ಡಿಗೆ ಸಾಲ ತರುತ್ತಿದ್ದಾನೆ. ಇದಕ್ಕಿಂತ ವಿಚಿತ್ರವಾದ ಲೇವಾದೇವಿಯನ್ನು ನಾವು ಸಂಘದ ಲೆಕ್ಕಪತ್ರ ನೋಡಿದ ಇಷ್ಟು ವರ್ಷಗಳಲ್ಲಿ ಕಂಡಿಲ್ಲ.

ನಗರದಲ್ಲೂ ‘ಲೀಸ್’ ಎಂಬ ಹೆಸರಿನಲ್ಲಿ ಭೋಗ್ಯವಿದೆ. ದೊಡ್ಡ ಮೊತ್ತ ಒಮ್ಮೆಲೇ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. ಕೇಳಲು ಊರಿನ ಪದ್ಧತಿಯಂತೆಯೇ ಇರುವುದರಿಂದ ನಮ್ಮವರಿಗೆ ಅದರ ಮೇಲೆ ಬೇಗ ನಂಬಿಕೆ ಬರುತ್ತದೆ. ಎಚ್ಚರವಿರಲಿ. ಊರಲ್ಲಿ ಜಮೀನು ಎದುರಿಗೇ ಇರುತ್ತದೆ, ಮಾಲೀಕ ಯಾರೆಂದು ಹತ್ತು ಹಳ್ಳಿಗೆ ಗೊತ್ತಿರುತ್ತದೆ. ನಗರದ ಹೊಸ ಮನೆ ಬಹುಪಾಲು ಬ್ಯಾಂಕಿನ ಸಾಲದಲ್ಲಿ ಕೊಂಡದ್ದು. ಮಾಲೀಕ ಕಂತು ನಿಲ್ಲಿಸಿದರೆ 2002ರ ಕೇಂದ್ರ ಕಾಯ್ದೆಯಂತೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು. ಆಗ ಸಾಲದ ನಂತರ, ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಬಂದವನ ಮಾತು ನಿಲ್ಲುವುದು ಕಷ್ಟ. ಇನ್ನು ಕೆಲವು ಮಧ್ಯವರ್ತಿಗಳು ಮಾಲೀಕನಿಗೆ ತಿಂಗಳ ಬಾಡಿಗೆ ಕೊಡುತ್ತೇವೆಂದು ಹೇಳಿ, ವಾಸಕ್ಕೆ ಬಂದವರಿಂದ ಭೋಗ್ಯದ ಹಣ ಪಡೆದು, ಕೊನೆಗೆ ಇಬ್ಬರಿಗೂ ಕೈಕೊಟ್ಟ ಪ್ರಕರಣಗಳು ಬೆಂಗಳೂರಿನಲ್ಲಿ ನಡೆದಿವೆ. ತೋಟದ ಒಂದು ವರ್ಷದ ಆದಾಯವನ್ನು ಅಂಥ ಕೈಗೆ ಕೊಡುವ ಮೊದಲು ಋಣಭಾರ ಪತ್ರ ತೆಗೆಸಿ ನೋಡಬೇಕು. ಜಮೀನು ಕೊಳ್ಳುವಾಗ ತಪ್ಪದೆ ತೆಗೆಸುವ ನಮಗೆ ಇದು ಹೊಸ ವಿದ್ಯೆಯಲ್ಲ.

ಹೊಸದಾಗಿ ಕಟ್ಟಿದ ಮನೆಯೇ ಬೇಕೆಂಬ ಹಂಬಲದ ಬಗ್ಗೆಯೂ ಎರಡು ಮಾತು ಹೇಳಬೇಕು. ನಾವು 1990ರ ಸುಮಾರಿಗೆ ಪದವಿ ಓದಲು ಬೆಂಗಳೂರಿಗೆ ಹೋದಾಗ ಒಂದು ವಠಾರದ ಕೋಣೆಯಲ್ಲಿ ಮೂವರು ಇದ್ದೆವು. ನಲ್ಲಿ ಒಂದೇ, ಸರದಿ ಬೆಳಗಿನ ಜಾವ ನಾಲ್ಕಕ್ಕೆ. ಹಾಗೆ ಇರಿ ಎಂದು ಈಗಿನವರಿಗೆ ಉಪದೇಶಿಸುವಷ್ಟು ಮುದಿತನ ನಮಗಿನ್ನೂ ಬಂದಿಲ್ಲ. ಆದರೆ ಹೊಸ ಕಟ್ಟಡವೆಂದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆಂಬ ಭ್ರಮೆ ಬೇಡ. ಹೊಸ ಕಣದಲ್ಲಿ ಮೊದಲು ಒಣಗಿಸಿದವನ ಅಡಿಕೆಗೇ ಮಣ್ಣು ಮೆತ್ತುವುದು. ಗೋಡೆಯ ತೇವ, ಬಚ್ಚಲಿನ ಸೋರಿಕೆ, ಕೂರದ ಕಿಟಕಿ, ನಿಂತುಹೋಗುವ ಲಿಫ್ಟು, ಇವೆಲ್ಲ ಗೊತ್ತಾಗುವುದು ಮೊದಲ ಬಾಡಿಗೆದಾರ ಬಂದ ಮೇಲೆ. ಬಿಡುವಾಗ ಅವೆಲ್ಲ ಅವನೇ ಕೆಡಿಸಿದ್ದೆಂದು ಮುಂಗಡದಲ್ಲಿ ಮುರಿಯುವುದೂ ಉಂಟು. ನಮ್ಮ ಸದಸ್ಯರೊಬ್ಬರ ಮಗಳಿಗೆ ಹೀಗೆಯೇ ಆಯಿತು. ಮೊದಲ ಮಳೆಗಾಲದಲ್ಲೇ ಸೋರಿದ ಗೋಡೆಯ ಖರ್ಚನ್ನು ಮಾಲೀಕರು ಅವಳ ಲೆಕ್ಕಕ್ಕೆ ಹಾಕಿದರು. ಆ ಹುಡುಗಿಗೂ ತಂದೆಗೂ ಗೊತ್ತಿಲ್ಲದಿದ್ದ ಸಂಗತಿಯೆಂದರೆ, 2016ರ ರೇರಾ ಕಾಯ್ದೆಯ ಪ್ರಕಾರ ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಂಡ ಕಟ್ಟಡದ ದೋಷಗಳನ್ನು, ತಿಳಿಸಿದ ಮೂವತ್ತು ದಿನದೊಳಗೆ, ಖರ್ಚಿಲ್ಲದೆ ಸರಿಪಡಿಸಿಕೊಡಬೇಕಾದವನು ಕಟ್ಟಿದವನು. ಆ ಹಕ್ಕು ಮಾಲೀಕನದು, ಬಾಡಿಗೆದಾರನದಲ್ಲ. ಆದರೂ ಸೋರಿದ ದಿನವೇ ಚಿತ್ರ ತೆಗೆದು ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸಿದ್ದರೆ, ಕಟ್ಟಿದವನಿಂದ ಮಾಡಿಸಿಕೊಳ್ಳಬೇಕಾದ್ದನ್ನು ಅವಳ ಮುಂಗಡದಲ್ಲಿ ಮುರಿಯುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಕರೆಂಟು, ನೀರಿನ ಮಾತೂ ಹೀಗೆಯೇ. ಕಟ್ಟಡ ನಕ್ಷೆಯಂತೆ ಆಗಿದೆ, ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಅಥವಾ ಸಂಬಂಧಪಟ್ಟ ಪ್ರಾಧಿಕಾರ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಜನ ಓ.ಸಿ. ಎನ್ನುವ ಕಾಗದ, ಎಷ್ಟೋ ಹೊಸ ಕಟ್ಟಡಗಳಿಗೆ ಇರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪತ್ರವಿಲ್ಲದೆ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ನಿರ್ದೇಶಿಸಿತು. 2025ರಲ್ಲಿ ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳು ಅದನ್ನು ಪಾಲಿಸಲು ಹೊರಟಾಗ ಹೊಸ ಕಟ್ಟಡಗಳವರು ಸಂಪರ್ಕಕ್ಕಾಗಿ ಅಲೆದಾಡುವಂತಾಯಿತು. ಮನೆ ನೋಡಲು ಹೋದವರು ಅಡಿಗೆಮನೆಯ ಕಲ್ಲು ಸವರಿ ಸಂತೋಷಪಡುವ ಮೊದಲು ಈ ಕಾಗದ ಇದೆಯೇ, ಮೀಟರು ಶಾಶ್ವತದ್ದೇ ತಾತ್ಕಾಲಿಕದ್ದೇ, ನೀರು ಕಾವೇರಿಯದೇ, ಕೊಳವೆಬಾವಿಯದೇ, ಟ್ಯಾಂಕರಿನದೇ ಎಂದು ಕೇಳಬೇಕು.

2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನವರು ಬಾಯಿಗೆ ಬಂದ ದರ ಕೇಳತೊಡಗಿದರು. ಜಿಲ್ಲಾಡಳಿತವೇ ಮಾರ್ಚ್ ತಿಂಗಳಲ್ಲಿ 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ದರ ಗೊತ್ತುಪಡಿಸಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಗಿ, ದಿನಕ್ಕೆ 77 ಕೋಟಿ 50 ಲಕ್ಷ ಲೀಟರು ಹೆಚ್ಚುವರಿ ನೀರು ನಗರದ ಹೊರವಲಯದ 110 ಹಳ್ಳಿಗಳಿಗೆ ಎಂದಾಯಿತು. ಆ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಿಸಿಕೊಂಡು, ನಮ್ಮ ಸೀಮೆಯನ್ನು ಹಾದೇ ಹೋಗುತ್ತದೆ. ಮೊದಲ ಹಂತದ ನೀರು 1974ರಲ್ಲಿ ಹೋದದ್ದೂ ಈ ದಾರಿಯಲ್ಲೇ. ನಾವಿಲ್ಲಿ ಸಾವಿರ ಅಡಿ ಕೊರೆಸಿ ಅಡಿಕೆಗೆ ಹನಿ ನೀರು ಬಿಡುತ್ತಿದ್ದೇವೆ. ಮಕ್ಕಳು ಅಲ್ಲಿ ಅದೇ ಕಾವೇರಿಗೆ ಬಾಡಿಗೆಯ ಜೊತೆ ಬೇರೆ ಲೆಕ್ಕ ಕೊಡುತ್ತಾರೆ. ಕೊಳವೆ ಬೀದಿಗೆ ಬಂದರೂ ಕಟ್ಟಡದವರು ಶುಲ್ಕ ಕಟ್ಟಿ ಸಂಪರ್ಕ ಪಡೆಯದಿದ್ದರೆ ಟ್ಯಾಂಕರು ತಪ್ಪುವುದಿಲ್ಲ.

ಇನ್ನು ಕಾನೂನು. ಬಾಡಿಗೆದಾರನನ್ನು ಕಾಪಾಡುವ ಕಾಯ್ದೆ ಇದ್ದೇ ಇದೆಯಲ್ಲ ಎನ್ನುವವರಿದ್ದಾರೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಹೊಸದಾಗಿ ಕಟ್ಟಿದ ಮನೆಗೂ ಕಟ್ಟಿ ಮುಗಿದ ಹದಿನೈದು ವರ್ಷಗಳವರೆಗೆ ಅನ್ವಯಿಸುವುದಿಲ್ಲ. ಅಂದಮೇಲೆ ನಾವು ಮಾತಾಡುತ್ತಿರುವ ಮನೆಗೆ ಎರಡು ಕಡೆಯಿಂದಲೂ ಕಾಯ್ದೆಯ ನೆರಳಿಲ್ಲ. ಉಳಿಯುವುದು ಕರಾರು ಪತ್ರವೊಂದೇ. ಆ ಪತ್ರ ಯಾಕೆ ಯಾವಾಗಲೂ ಹನ್ನೊಂದು ತಿಂಗಳಿಗೆ ಇರುತ್ತದೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ ಮಾಡಿಕೊಂಡಿದ್ದಾರೆ, ಅಷ್ಟೇ. ಹಾಳೆಯ ಮೇಲೆ ಬರೆದದ್ದೇ ಶಾಸನವಾಗುವುದರಿಂದ ಸಹಿ ಹಾಕುವ ಮೊದಲು ಓದುವುದು ಲೇಸು. ಅದು ಇಂಗ್ಲಿಷಿನಲ್ಲಿರುತ್ತದೆ, ಮಕ್ಕಳು ಓದಿದವರು, ಓದಿ ಹೇಳಲಿ.

ಮಾಲೀಕರ ಪಕ್ಷವನ್ನೂ ಕೇಳದೆ ತೀರ್ಪು ಕೊಡುವುದು ಸರಿಯಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಖಾಲಿಯಾದ ಮನೆಯನ್ನು ಮಾಲೀಕ ಅಧಿಕಾರಿಗೆ ವರದಿ ಮಾಡಬೇಕಿತ್ತು, ಅಧಿಕಾರಿ ಅದನ್ನು ಬೇರೆಯವರಿಗೆ ಹಂಚಬಹುದಿತ್ತು. ಬಂದವರು ಹತ್ತಾರು ವರ್ಷ ಹಳೆಯ ಬಾಡಿಗೆಗೇ ಕುಳಿತರು, ಬಿಡಿಸಲು ಕೋರ್ಟಿಗೆ ಅಲೆದು ಮಾಲೀಕರೇ ಸೋತರು. 1974ರ ಭೂ ಸುಧಾರಣೆಯ ನಂತರ ನಮ್ಮ ಕಡೆ ಗೇಣಿಗೆ ಭೂಮಿ ಕೊಡಲು ಜನ ಹೆದರಿದ್ದನ್ನು ಕಂಡವರಿಗೆ ಈ ಭಯ ಅರ್ಥವಾಗದ್ದಲ್ಲ. ಹತ್ತು ತಿಂಗಳ ಮುಂಗಡದಲ್ಲಿ ಅಂಥ ಭಯದ ಪಾಲೂ ಇದೆ. ಬಾಡಿಗೆ ಕೊಡದೆ ಓಡಿಹೋಗುವವರೂ ಇಲ್ಲದಿಲ್ಲ. ಆದರೆ ಭಯಕ್ಕೆ ತಕ್ಕ ಭದ್ರತೆ ಎರಡು ಮೂರು ತಿಂಗಳ ಬಾಡಿಗೆ. ಹತ್ತು ತಿಂಗಳೆಂಬುದು ಭದ್ರತೆಯಲ್ಲ, ಬಂಡವಾಳ. ಈ ಮಾತನ್ನು ನಾವು ಹೇಳುತ್ತಿಲ್ಲ, ಕೇಂದ್ರ ಸರ್ಕಾರವೇ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಬರೆದಿದೆ. ಮನೆ ಬಿಟ್ಟು ಕೊಡುವಾಗಲೇ ಬಾಕಿ ಕಳೆದು ಉಳಿದ ಹಣ ಹಿಂತಿರುಗಿಸಬೇಕೆಂದಿದೆ. ಬೇರೆ ಕರಾರಿಲ್ಲದಿದ್ದರೆ ಗೋಡೆಗೆ ಸುಣ್ಣ, ಕಿಟಕಿ ಬಾಗಿಲಿಗೆ ಬಣ್ಣ ಮಾಲೀಕನ ಹೊಣೆಯೆಂದೂ ಅದರ ಅನುಬಂಧ ಹೇಳುತ್ತದೆ! ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಅಳವಡಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ರಾಜ್ಯ ಅಳವಡಿಸಿಕೊಂಡಿಲ್ಲ. ಪಕ್ಕದ ತಮಿಳುನಾಡಿನ 2017ರ ಕಾಯ್ದೆಯಲ್ಲಿ ಮೂರು ತಿಂಗಳ ಮಿತಿಯಿದೆ, ಆದರೆ ಇಬ್ಬರೂ ಬೇರೆ ರೀತಿ ಕರಾರು ಮಾಡಿಕೊಂಡರೆ ಆ ಮಿತಿ ಬಿದ್ದುಹೋಗುತ್ತದೆ. ನಮ್ಮಲ್ಲಿ ಕಾಯ್ದೆ ಬರುವುದಾದರೆ ಅಂಥ ಕಿಂಡಿ ಬಿಡದೆ ಬರಬೇಕು.

ಕಾಯ್ದೆ ಬರುವವರೆಗೆ ಏನು ಮಾಡುವುದು? ಸಂಘದಿಂದಲೇ ಮುಂಗಡಕ್ಕೆ ಸಾಲ ಕೊಡಿ ಎಂಬ ಸಲಹೆ ಬಂದಿದೆ. ನಾವು ಇದಕ್ಕೆ ವಿರೋಧಿಗಳು. ಬೆಳೆಗಾರರ ದುಡಿಯುವ ಬಂಡವಾಳವನ್ನು ನಗರದ ಗೋಡೆಯೊಳಗೆ ಬಡ್ಡಿಯಿಲ್ಲದೆ ಹೂಳಲು ಸಂಘ ಹುಟ್ಟಿಲ್ಲ. ಕೃಷಿ ಪತ್ತಿನ ಸಂಘದಿಂದ ಪಡೆದ ಬೆಳೆ ಸಾಲವನ್ನು ಇದಕ್ಕೆ ತಿರುಗಿಸುವುದಂತೂ ಇನ್ನೂ ಅಪಾಯ. 2023ರ ರಾಜ್ಯ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಶೂನ್ಯ ಬಡ್ಡಿಯಲ್ಲವೇ ಎಂದು ತೆಗೆದು ಮುಂಗಡಕ್ಕೆ ಕೊಟ್ಟವರು, ಗಡುವಿನೊಳಗೆ ಕಟ್ಟಲಾಗದೆ ರಿಯಾಯಿತಿಯನ್ನೇ ಕಳೆದುಕೊಂಡು ಪೂರಾ ಬಡ್ಡಿ ತೆತ್ತಿದ್ದಾರೆ. ಮಾಲೀಕನ ಕೈಯಲ್ಲಿರುವ ಹಣ ಮನೆ ಬಿಡುವವರೆಗೆ ಬರುವುದಿಲ್ಲ, ಸಾಲದ ಗಡುವು ವರ್ಷದೊಳಗೇ ಬರುತ್ತದೆ.

ಇದರ ಬದಲು ಒಂದು ಲೆಕ್ಕವನ್ನು ಮಾಲೀಕರ ಮುಂದಿಡಿ ಎನ್ನುತ್ತೇವೆ. ಹತ್ತು ತಿಂಗಳ ಬದಲು ಎರಡು ತಿಂಗಳ ಮುಂಗಡ ಕೊಟ್ಟರೆ ನಮ್ಮ ಕೈಯಲ್ಲಿ 2,40,000 ರೂಪಾಯಿ ಉಳಿಯುತ್ತದೆ. ಆ ಹಣವನ್ನು ಮಾಲೀಕ ಬ್ಯಾಂಕಿನಲ್ಲಿ ನೂರಕ್ಕೆ ಏಳರಂತೆ ಇಟ್ಟಿದ್ದರೆ ವರ್ಷಕ್ಕೆ 16,800, ತಿಂಗಳಿಗೆ 1,400 ರೂಪಾಯಿ ಸಿಗುತ್ತಿತ್ತು. ಹಾಗಾದರೆ ಬಾಡಿಗೆಗೆ ತಿಂಗಳಿಗೆ 1,500 ಸೇರಿಸಿ ಕೊಡುತ್ತೇವೆ, ಮುಂಗಡ ಇಳಿಸಿ ಎನ್ನಿ. ಮಾಲೀಕನಿಗೆ ನಷ್ಟವಿಲ್ಲ. ನಮಗೆ? ಅದೇ 2,40,000ವನ್ನು ಊರಲ್ಲಿ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 4,800 ಕೊಡಬೇಕು. ಫಸಲನ್ನು ಮರದ ಮೇಲೇ ಗುತ್ತಿಗೆ ಕೊಟ್ಟರೆ ಆಗುವ ನಷ್ಟ ಇದಕ್ಕೂ ಹೆಚ್ಚು. ಒಂದೇ ಹಣ ಅವರ ಕೈಯಲ್ಲಿ ಅಗ್ಗ, ನಮ್ಮ ಕೈಯಲ್ಲಿ ದುಬಾರಿ. ಹೆಚ್ಚಿನ 1,500 ರೂಪಾಯಿಯನ್ನು ದುಡಿಯುವ ಮಗನೇ ಸಂಬಳದಲ್ಲಿ ಕೊಡಲಿ. ತೋಟದ ಗಂಟು ಬಿಚ್ಚುವ ಅಗತ್ಯವೇ ಬೀಳುವುದಿಲ್ಲ. ಕಳೆದ ವರ್ಷ ಇಬ್ಬರು ಸದಸ್ಯರ ಮಕ್ಕಳು ಹೀಗೆ ಕೇಳಿದರು. ಒಬ್ಬ ಮಾಲೀಕರು ನಕ್ಕು ಕಳಿಸಿದರು. ಇನ್ನೊಬ್ಬರು, ನಿವೃತ್ತ ಮೇಷ್ಟ್ರು, ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ ಮೂರು ತಿಂಗಳಿಗೆ ಒಪ್ಪಿದರು. ಆ ಸದಸ್ಯರ ಅಡಿಕೆ ಈ ಸಲ ಪೂರ್ತಿ ಸಂಘದಲ್ಲೇ ತೂಗಿತು.

ಸಂಘವೇ ಬೆಂಗಳೂರಿನಲ್ಲಿ ಒಂದು ಕಟ್ಟಡ ಕೊಂಡು ಸದಸ್ಯರ ಮಕ್ಕಳಿಗೆ ಕೊಡಲಿ ಎಂದೂ ಕೆಲವರು ಹೇಳಿದ್ದಾರೆ. ಗೋದಾಮಿನ ಹೆಂಚು ಬದಲಿಸಲು ಎರಡು ವರ್ಷ ಚರ್ಚಿಸಿದ ನಮಗೆ ಆ ಸಾಹಸ ಬೇಡ.

ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಪಡೆಯದಂತೆ ರಾಜ್ಯ ಕಾಯ್ದೆ ಮಾಡಬೇಕು, ಹೊಸ ಕಟ್ಟಡಗಳಿಗೆ ಕೊಟ್ಟಿರುವ ಹದಿನೈದು ವರ್ಷದ ವಿನಾಯಿತಿಯನ್ನು ಮುಂಗಡದ ಮಟ್ಟಿಗಾದರೂ ತೆಗೆಯಬೇಕು ಎಂಬ ಠರಾವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಲಿದ್ದೇವೆ. ಅದಕ್ಕೆ ಬರಿಯ ಮಾತು ಸಾಲದು, ಉದಾಹರಣೆ ಬೇಕು. ಮಕ್ಕಳಿಗಾಗಿ ಮುಂಗಡ ಕೊಟ್ಟಿರುವ ಸದಸ್ಯರು ಕರಾರು ಪತ್ರದ ನಕಲು, ಮನೆ ಬಿಟ್ಟವರಾದರೆ ಎಷ್ಟು ಮುರಿದುಕೊಂಡು ಎಷ್ಟು ಕೊಟ್ಟರೆಂಬ ವಿವರ, ಇವನ್ನು ಕಚೇರಿಗೆ ತಂದುಕೊಡಬೇಕು. ಹೆಸರು ಯಾರದೂ ಹೊರಗೆ ಬರುವುದಿಲ್ಲ. ಈ ಸಲದ ಫಸಲನ್ನು ಮುಂಗಡಕ್ಕಾಗಿ ಗುತ್ತಿಗೆ ಮಾತಾಡಿರುವವರು, ಹಣ ಇನ್ನೂ ಕೈಗೆ ಬಂದಿಲ್ಲವಾದರೆ, ಕಚೇರಿಗೆ ಬಂದು ಒಂದು ಗಳಿಗೆ ಕುಳಿತು ಲೆಕ್ಕ ಹಾಕಿ ಹೋಗಲಿ. ಭಾನುವಾರ ಬೆಳಿಗ್ಗೆಯೂ ಬಾಗಿಲು ತೆರೆದಿರುತ್ತದೆ.